ಅತ್ತೆಯ ತೋರುಬೆರಳು

ಆ ಮನೆಯಲ್ಲಿ ಅತ್ತೆಯ ಬಲಗೈ ತೋರುಬೆರಳಿಗಿದ್ದ ಮರ್ಯಾದೆ ಮನೆಯ ಯಜಮಾನನಿಗೂ ಇರಲಿಲ್ಲ.

ಮುಂದೆ ಹೂಕುಂಡದ ಅಂಗಡಿ, ನಡುವೆ ಎರಡು ಕೋಣೆ ಮತ್ತು ಅಡುಗೆಮನೆ, ಹಿಂದೆ ಕುಂಡ ಒಣಗಿಸುವ ಕೋಣೆ, ಅದರಾಚೆ ಹಿತ್ತಿಲಲ್ಲಿ ಕುಂಡ ಸುಡುವ ಆವಿಗೆ. ಇಷ್ಟೇ ಅವರ ಪ್ರಪಂಚ. ಸೊಸೆ ತಿಗರಿಯ ಮುಂದೆ ಕೂತು ಮಣ್ಣನ್ನು ತಿರುಗಿಸಿ ಕುಂಡ ಎತ್ತುತ್ತಿದ್ದಳು, ಮಾವ ಆವಿಗೆಗೆ ಬೆಂಕಿ ಹಾಕುತ್ತಿದ್ದ, ಗಂಡ ಸುಟ್ಟ ಕುಂಡಗಳನ್ನು ಗಾಡಿಗೆ ತುಂಬಿಕೊಂಡು ಹೋಗಿ ಮಾರಿ ಬರುತ್ತಿದ್ದ. ಅತ್ತೆ ಅಡುಗೆ ನೋಡಿಕೊಳ್ಳುತ್ತಿದ್ದಳು ಎನ್ನುವುದು ಹೆಸರಿಗೆ ಮಾತ್ರ. ಎಂಟು ದಿನಕ್ಕೊಮ್ಮೆ ಅವಳು ಸೆರಗು ಸಿಕ್ಕಿಸಿಕೊಂಡು ಒಣಗಿಸುವ ಕೋಣೆಗೆ ಬರುತ್ತಿದ್ದಳು. ಬೋರಲು ಹಾಕಿದ ಕುಂಡಗಳ ತಳಕ್ಕೆ ಒಂದೊಂದಾಗಿ ಬೆರಳು ಒತ್ತಿ 'ಒಣಗಿದೆ' ಎಂದರೆ ಕುಂಡ ಆವಿಗೆಗೆ ಹೋಗಬೇಕು, 'ಹಸಿ' ಎಂದರೆ ಅಲ್ಲೇ ಉಳಿಯಬೇಕು. ಅವಳು ಬೆರಳಿಟ್ಟ ಮೇಲೆ ಇನ್ನೊಬ್ಬರು ಮುಟ್ಟಿ ನೋಡುವ ಪದ್ಧತಿ ಇರಲಿಲ್ಲ. ಮುಟ್ಟಿದರೆ ಅವಳ ಮುಖಕ್ಕೆ ಹೊಡೆದ ಹಾಗೆ.

ಕೆಲಸ ಕಲಿಯುವವರು ಮಾತ್ರ ಕುಂಡವನ್ನು ಎತ್ತಿ ಕೆನ್ನೆಗೆ ಒತ್ತಿ ನೋಡುತ್ತಾರೆ. ಹಸಿ ಇದ್ದರೆ ತಣ್ಣಗೆ ತಾಕುತ್ತದೆ, ಒಣಗಿದ್ದರೆ ಇಲ್ಲ. ಸೊಸೆಯೂ ಮೊದಲ ವರ್ಷ ಹಾಗೆಯೇ ಕೆನ್ನೆಗೆಲ್ಲ ಮಣ್ಣು ಮೆತ್ತಿಕೊಂಡು ಓಡಾಡಿದವಳು. ಅತ್ತೆ ಅದನ್ನು ಕಂಡು ಮೂಗು ಮುರಿಯುತ್ತಿದ್ದಳು. "ಬೆರಳು ಇಲ್ದೋರಿಗೆ ಕೆನ್ನೆ," ಎನ್ನುತ್ತಿದ್ದಳು.

ಚಳಿ ಬಿದ್ದ ಮೇಲಿನ ಮೊದಲ ಆವಿಗೆಯಲ್ಲಿ ನಾಲ್ಕು ಕುಂಡ ಒಡೆದವು. ಒಳಗೆ ಎಳ್ಳಷ್ಟು ನೀರು ಉಳಿದರೂ ಬೆಂಕಿಗೆ ಅದು ಹಬೆಯಾಗಿ ಕುಂಡವನ್ನು ಸೀಳಿಕೊಂಡು ಹೊರಬರುತ್ತದೆ. ಢಬ್ ಎಂದು ಮೊದಲ ಸದ್ದು ಬಂದಾಗ ಸೊಸೆ ಬಟ್ಟೆ ಒಗೆಯುತ್ತಿದ್ದಳು. ನಾಲ್ಕನೆಯದಕ್ಕೆ ಅವಳು ಕೈಯಲ್ಲಿದ್ದ ಅಂಗಿಯನ್ನು ಹಾಗೇ ಬಿಟ್ಟು ಎದ್ದು ಬಂದಳು.

"ತಳ ದಪ್ಪ ಬಿಟ್ಟಿದ್ದೀಯ," ಅತ್ತೆ ಅವಳ ಮುಖ ನೋಡದೆ ಹೇಳಿದಳು.

"ಇಲ್ಲ ಅತ್ತೆ, ಯಾವಾಗ್ಲೂ ಬಿಡೋ ಅಷ್ಟೇ ಬಿಟ್ಟಿದ್ದು."

"ಹಾಗಾದ್ರೆ ಒಡೆದಿದ್ದು ಯಾಕೆ? ನನ್ನ ಬೆರಳಿಗೆ ಕಣ್ಣು ಕಾಣಲ್ವಾ?"

ಮಾವ ಕೆಮ್ಮಿ ಬೆಂಕಿಯ ಕಡೆ ತಿರುಗಿಕೊಂಡ. ಸೊಸೆ ಬಟ್ಟೆ ಒಗೆಯಲು ಹೋದಳು.

ಅದೇ ವಾರ ಶಾಲೆಯಿಂದ ಹೊಸ ಜಗಳವೊಂದು ಮನೆಗೆ ಬಂತು. ಹತ್ತು ವರ್ಷದ ಮಗಳಿಗೆ ಅಜ್ಜಿ ಇಟ್ಟ ಹೆಸರು ವಕೀಲಮ್ಮ. ಏನು ಹೇಳಿದರೂ ಒಂದು 'ಯಾಕೆ' ಇಡದೆ ಬಿಡುವವಳಲ್ಲ. ಊಟಕ್ಕೆ ಕೂತಾಗ ಅವಳು, "ನಮ್ಮ ಶಾಲೇಲಿ ಚರ್ಚಾ ಸ್ಪರ್ಧೆ. ನೀರು ಒದ್ದೆನಾ ಅಲ್ವಾ ಅಂತ. ನಾನು ಅಲ್ಲ ಅಂತ ಮಾತಾಡ್ಬೇಕು," ಎಂದಳು.

"ಇದೂ ಒಂದು ಪ್ರಶ್ನೆನಾ?" ಮಾವ ತುತ್ತು ಕೈಯಲ್ಲೇ ಹಿಡಿದು ನಕ್ಕ. "ನೀರು ಒದ್ದೆ ಅಲ್ದೆ ಇನ್ನೇನು, ಒಣಗಿದ್ಯಾ?"

"ಅಲ್ಲಪ್ಪ," ಗಂಡ ಮಗಳ ಪರ ನಿಂತ. "ನೀರು ಬಿದ್ದ ವಸ್ತು ಒದ್ದೆ. ಅಂಗಿ ಒದ್ದೆ, ನೆಲ ಒದ್ದೆ. ನೀರು ನೀರೇ. ಬೆಂಕಿ ಎಲ್ಲಾನೂ ಸುಡುತ್ತೆ. ಹಾಗಂತ ಬೆಂಕಿ ಸುಟ್ಟುಹೋಗಿದೆ ಅಂತೀವಾ?"

"ಬೆಂಕಿ ವಿಷಯ ನನಗೆ ಹೇಳ್ಬೇಡ. ಬೆಂಕಿ ತಾನು ಬಿಸಿ ಇರೋದಕ್ಕೇ ಇನ್ನೊಂದನ್ನ ಬಿಸಿ ಮಾಡುತ್ತೆ. ತನ್ನ ಹತ್ರ ಇಲ್ಲದ್ದನ್ನ ಯಾರು ಯಾರಿಗೆ ಕೊಡ್ತಾರೋ?"

"ಅಜ್ಜಿ, ನೀನು ಹೇಳು," ಎಂದಳು ವಕೀಲಮ್ಮ.

ಅತ್ತೆ ಚಮಚದಲ್ಲಿ ಅನ್ನ ಕಲಸುತ್ತಿದ್ದಳು. ಈಚೆಗೆ ಅವಳು ಚಮಚ ಹಿಡಿಯುತ್ತಿದ್ದಳು, ಉಗುರಿನ ಸಂದಿಯ ಮಣ್ಣು ಹೋಗುವುದಿಲ್ಲ ಎಂದು ಕಾರಣ ಹೇಳುತ್ತಿದ್ದಳು. "ಒದ್ದೆ ಇರೋದು ನೀರಲ್ಲೂ ಅಲ್ಲ, ಬಟ್ಟೇಲೂ ಅಲ್ಲ. ಬೆರಳಲ್ಲಿ," ಎಂದಳು. "ಮುಟ್ಟಿದ್ರೆ ಗೊತ್ತಾಗ್ಬೇಕು. ಗೊತ್ತಾಗದೇ ಇರೋರಿಗೆ ನೀರಾದ್ರೇನು, ಗಾಳಿಯಾದ್ರೇನು."

ಕೊನೆಯ ಮಾತು ತನಗೇ ಬಿಟ್ಟ ಬಾಣ ಎಂದು ಸೊಸೆಗೆ ಅನ್ನಿಸಿತು. ತಟ್ಟೆಯಲ್ಲಿ ಉಳಿದ ಅನ್ನ ಅವಳಿಗೆ ಸೇರಲಿಲ್ಲ.

ಮುಂದಿನ ಆವಿಗೆಯಲ್ಲಿ ಏಳು ಒಡೆದವು. ಹೂವಿನ ತೋಟದವರು ಹೇಳಿದ್ದ ದೊಡ್ಡ ಕುಂಡಗಳೇ ಹೋದವು. ಮಾವ ಬೂದಿಯೊಳಗಿಂದ ಚೂರುಗಳನ್ನು ಎಳೆದು ಒಟ್ಟಿದ. ಆಮೇಲೆ ಎಲ್ಲರೂ ಒಟ್ಟಿಗೇ ಬಾಯಿ ಬಿಟ್ಟರು.

"ಅಪ್ಪ, ನೀನು ಉರಿ ಒಮ್ಮೆಲೇ ಏರಿಸಿದ್ದೀಯ," ಎಂದ ಗಂಡ.

"ನಲವತ್ತು ವರ್ಷದಿಂದ ಇದೇ ಉರಿ. ನಿನ್ನ ಹೆಂಡ್ತೀನ ಕೇಳು."

"ನನ್ನನ್ನೇನು ಕೇಳೋದು ಮಾವ? ಒಣಗಿದೆ ಅಂದ್ಮೇಲೆ ತಾನೆ ನಾನು ಜೋಡಿಸಿದ್ದು?"

ಅತ್ತೆ ಥಟ್ಟನೆ ತಿರುಗಿದಳು. "ಅಂದ್ರೆ?"

"ಅಂದ್ರೆ ಏನಿಲ್ಲ."

"ಏನಿಲ್ಲ ಅನ್ನೋ ಮಾತಲ್ಲಿ ಎಷ್ಟಿದೆ ಅಂತ ನನಗೆ ಗೊತ್ತು. ಇನ್ನೊಂದು ಸಲ ಹೀಗಾದ್ರೆ ಉದ್ದನ ಮೇಸ್ತ್ರಿಗೆ ಹೇಳಿಕಳಿಸ್ತೀನಿ. ಅವನು ತಿಗರಿ ನೋಡ್ಕೊಳ್ಳಲಿ. ನೀನು ಮಣ್ಣು ತುಳಿ."

ಉದ್ದನ ಮೇಸ್ತ್ರಿ ಎಂದರೆ ಹಿಂದೆ ಕೂಲಿಗೆ ಬಂದು ಈ ಮನೆಯ ತಿಗರಿಯಲ್ಲಿ ಕೂರುತ್ತಿದ್ದವನು. ಸೊಸೆ ಕೆಲಸ ಕಲಿತ ಮೇಲೆ ಅವನು ಬೇಡವಾದ. ನಾಲ್ಕು ವರ್ಷದಿಂದ ಆ ಜಾಗ ಅವಳದು. ಬೆಳಗಾಗೆದ್ದು ನೀರು, ಒಲೆ, ಬಟ್ಟೆ, ಪಾತ್ರೆ ಎಲ್ಲದರಲ್ಲೂ ಅವಳು ಇನ್ನೊಬ್ಬರು ಹೇಳಿದ್ದನ್ನು ಮಾಡುವವಳು. ತಿಗರಿ ತಿರುಗತೊಡಗಿದರೆ ಮಾತ್ರ ಮಣ್ಣು ಅವಳು ಹೇಳಿದಂತೆ ಏಳುತ್ತಿತ್ತು. ಅದನ್ನೂ ಕಿತ್ತುಕೊಂಡರೆ ಈ ಮನೆಯಲ್ಲಿ ತನಗೆ ಉಳಿಯುವುದೇನು?

ಅಂದಿನಿಂದ ಅವಳು ಅತ್ತೆಯ ಮೇಲೆ ಕಣ್ಣಿಟ್ಟಳು.

ಏಳು ಕುಂಡ ಒಡೆದ ಆ ಆವಿಗೆಗೆ ಹೋಗಬೇಕಿದ್ದ ಕುಂಡಗಳಲ್ಲಿ ಒಂದು ಜಾಗವಿಲ್ಲದೆ ಹೊರಗೆ ಉಳಿದಿತ್ತು. ಅತ್ತೆ ಬೆರಳಿಟ್ಟು ಒಣಗಿದೆ ಎಂದಿದ್ದ ಕುಂಡವೇ. ಸೊಸೆ ಅದನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿ, ತಳದಲ್ಲಿ ಪೆನ್ಸಿಲಿನಿಂದ ತೂಕ ಗೀಚಿ, ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಳು. ನಾಲ್ಕು ದಿನದ ಮೇಲೆ ತೂಗಿದರೆ ಒಂದು ಹಿಡಿ ಅಕ್ಕಿಯಷ್ಟು ತೂಕ ಇಳಿದಿತ್ತು. ಒಣಗಿದ ಕುಂಡಕ್ಕೆ ಇಳಿಯಲು ತೂಕ ಎಲ್ಲಿಂದ ಬರಬೇಕು? ಅಂದರೆ ಹಸಿ ಎಂದು ಗೊತ್ತಿದ್ದೂ ಅತ್ತೆ ಒಣಗಿದೆ ಎಂದಿದ್ದಳು.

ಮರುದಿನ ಮಧ್ಯಾಹ್ನ ಇನ್ನೂ ದೊಡ್ಡದು ಸಿಕ್ಕಿತು. ಒಣಗಿಸುವ ಕೋಣೆಯ ಬಾಗಿಲು ಅರ್ಧ ಮುಚ್ಚಿತ್ತು. ಸಂದಿಯಲ್ಲಿ ನೋಡಿದರೆ ಅತ್ತೆ ಒಬ್ಬಳೇ ಸ್ಟೂಲಿನ ಮೇಲೆ ಕೂತಿದ್ದಾಳೆ, ಮಡಿಲಲ್ಲಿ ನೀರಿನ ಮಗ್ಗು. ಬೆರಳನ್ನು ನೀರಿಗೆ ಅದ್ದುತ್ತಾಳೆ, ಕುಂಡಕ್ಕೆ ಒತ್ತುತ್ತಾಳೆ. ಮತ್ತೆ ಅದ್ದುತ್ತಾಳೆ, ಪಕ್ಕದ ಕುಂಡಕ್ಕೆ ಒತ್ತುತ್ತಾಳೆ. ಹೀಗೆ ಒಂದು ಸಾಲು ಮುಗಿಸಿದಳು. ನನ್ನ ಕುಂಡಗಳನ್ನು ನೆನೆಸುತ್ತಿದ್ದಾಳೆ!

ಗಂಡ ಗಾಡಿ ತೊಳೆಯುತ್ತಿದ್ದ. ಸೊಸೆ ಅವನ ಕೈಯಿಂದ ಬಕೆಟ್ ಕಿತ್ತುಕೊಂಡು ಎಲ್ಲವನ್ನೂ ಹೇಳಿದಳು.

"ತಲೆ ಕೆಟ್ಟಿದ್ಯಾ ನಿನಗೆ? ಅಮ್ಮ ಕುಂಡ ಒಡೀಲಿ ಅಂತ ನೀರು ಹಾಕ್ತಾಳಾ?"

"ನನ್ನ ಕಣ್ಣಾರೆ ನೋಡಿದೆ ರೀ."

"ಧೂಳು ಒರೆಸ್ತಿರಬೇಕು."

"ಧೂಳು ಒರೆಸೋಕೆ ಬಟ್ಟೆ ಬೇಕು, ಬೆರಳಲ್ಲ. ನನ್ನನ್ನ ತಿಗರಿಯಿಂದ ಎಬ್ಬಿಸ್ಬೇಕು ಅವರಿಗೆ, ಅಷ್ಟೇ."

"ಇದನ್ನ ಇನ್ನೊಬ್ಬರ ಮುಂದೆ ಆಡ್ಬೇಡ," ಎಂದು ಗಂಡ ಬಕೆಟ್ ವಾಪಸ್ ತೆಗೆದುಕೊಂಡ. ಆದರೆ ಅವನೂ ಆ ದಿನ ಊಟಕ್ಕೆ ಕೂತಾಗ ಅಮ್ಮನ ಕೈಯನ್ನೇ ನೋಡುತ್ತಿದ್ದ. ಸೊಸೆ ಅದನ್ನು ಗಮನಿಸಿದಳು, ಅತ್ತೆಯೂ ಗಮನಿಸಿದಳು.

ಇತ್ತ ನೀರಿನ ಜಗಳ ಬಿಸಿ ಏರಿತ್ತು. ನೀರು ಒದ್ದೆ ಎನ್ನುವ ಮಾವ ಒಂದು ಕಡೆ, ಅಲ್ಲ ಎನ್ನುವ ಅಪ್ಪ ಮಗಳು ಇನ್ನೊಂದು ಕಡೆ. ಹೊರಗೆ ಅದು ಆಟ, ಒಳಗೆ ಎಲ್ಲರಿಗೂ ಬೇರೆ ಕಾರಣಕ್ಕೆ ಒಬ್ಬರ ಮೇಲೊಬ್ಬರಿಗೆ ಕೋಪ. ಮಾವ ಮಗನ ಜೊತೆ ಎರಡು ದಿನ ಮಾತು ಬಿಟ್ಟ. ಏನಾದರೂ ಬೇಕಾದರೆ ಮೊಮ್ಮಗಳ ಮೂಲಕ ಹೇಳಿಸುತ್ತಿದ್ದ. "ಒದ್ದೆ ಅಲ್ಲದ ನೀರು ಒಂದು ಲೋಟ ತರೋಕೆ ಹೇಳು ನಿಮ್ಮಪ್ಪನಿಗೆ," ಎನ್ನುತ್ತಿದ್ದ.

ಅಂಥ ಒಂದು ಬೆಳಗ್ಗೆ ಹಾಲು ಉಕ್ಕಿತು. ಅತ್ತೆ ಬಟ್ಟೆ ಹಿಡಿಯದೆ ಬರಿಗೈಯಲ್ಲೇ ಪಾತ್ರೆ ಇಳಿಸಿದಳು. "ಕೈ ಅಂದ್ರೆ ಇದು!" ಎಂದ ಮಾವ. ಸಂಜೆ ಅವಳ ಬೆರಳ ತುದಿಯಲ್ಲಿ ಕಡಲೆಯಷ್ಟು ಬೊಬ್ಬೆ ಎದ್ದಿತ್ತು. ಸೊಸೆ ಕೇಳಿದ್ದಕ್ಕೆ, "ಎಣ್ಣೆ ಹಾರ್ತು," ಎಂದಳು. ಆ ದಿನ ಮನೆಯಲ್ಲಿ ಎಣ್ಣೆ ಬಾಣಲೆ ಒಲೆ ಹತ್ತಿರಲೇ ಇಲ್ಲ. ಇಷ್ಟು ಸಣ್ಣದಕ್ಕೂ ಸುಳ್ಳು ಹೇಳುವವಳು ದೊಡ್ಡದಕ್ಕೆ ಹೇಳದೆ ಇರುತ್ತಾಳೆಯೇ ಎಂದುಕೊಂಡಳು ಸೊಸೆ.

ಮೂರನೆಯ ಆವಿಗೆಯಲ್ಲಿ ಐದು ಒಡೆದವು. ಅತ್ತೆ ಊಟ ಕೂಡ ಮಾಡದೆ ಉದ್ದನ ಮೇಸ್ತ್ರಿಗೆ ಫೋನ್ ಮಾಡಿಸಿದಳು. ಸೋಮವಾರದಿಂದ ಬರುತ್ತೇನೆ ಎಂದ ಅವನು.

ಭಾನುವಾರ ವಕೀಲಮ್ಮ ಅಡುಗೆಮನೆಯಲ್ಲಿ ಪರೀಕ್ಷೆ ಇಟ್ಟಳು. ಸ್ಪರ್ಧೆಗೆ ಮನೆಯವರನ್ನೆಲ್ಲ ಕೇಳಿ ಬರೆದುಕೊಂಡು ಹೋಗಬೇಕಂತೆ. ಕಣ್ಣಿಗೆ ಟವೆಲ್ ಕಟ್ಟುವುದು, ಬೆಳಗ್ಗೆಯಿಂದ ಹಾಗೇ ಇಟ್ಟ ಬಟ್ಟಲು ನೀರಿಗೆ ಬೆರಳು ಇಳಿಸುವುದು, 'ಮುಟ್ಟಿದ್ದು ಒದ್ದೆಯೋ ಅಲ್ಲವೋ' ಎಂದು ಕೇಳುವುದು. ಮಾವ "ಒದ್ದೆ, ಒದ್ದೆ, ನೂರು ಸಲ ಒದ್ದೆ," ಎಂದು ಹೇಳಿ ಮಣ್ಣು ಇಳಿಸಿಕೊಳ್ಳಲು ಹಿತ್ತಿಲಿಗೆ ಹೋದ. ಗಂಡ "ನನ್ನ ಬೆರಳು ಒದ್ದೆ, ನೀರಲ್ಲ," ಎಂದು ಅವನ ಹಿಂದೆಯೇ ಹೋದ. ಸೊಸೆ ತರಕಾರಿ ಹೆಚ್ಚುತ್ತಿದ್ದಳು.

"ಅಜ್ಜಿ, ಈಗ ನೀನು."

"ನನಗೆ ಒಲೆ ಮೇಲೆ ಕೆಲಸ ಇದೆ. ಹೋಗು ಆಚೆ."

"ಎಲ್ಲಾರೂ ಮಾಡಿದ್ರು. ನೀನೊಬ್ಳೇ ಯಾಕೆ ಹೆದರ್ತೀಯ?"

ಸೊಸೆಯ ಕಿವಿ ನೆಟ್ಟಗಾಯಿತು. ಹೆದರುತ್ತೀಯ ಎನ್ನಿಸಿಕೊಳ್ಳುವವಳಲ್ಲ ಅತ್ತೆ. "ಹೆದರ್ತಾರಂತೆ, ಇವಳ ಬಟ್ಟಲಿಗೆ," ಎಂದು ಗೊಣಗುತ್ತಾ ಕೂತಳು. ಹುಡುಗಿ ಟವೆಲ್ ಬಿಗಿದು, ಅಜ್ಜಿಯ ಮಣಿಕಟ್ಟು ಹಿಡಿದು, ಬೆರಳುಗಳನ್ನು ನೀರಿನಲ್ಲಿ ಇಳಿಸಿದಳು.

"ಈಗ ಹೇಳಜ್ಜಿ."

ಅತ್ತೆ ಕಾದಳು. ಹುಡುಗಿಯೂ ಕಾದಳು.

"ಹೇಳಜ್ಜಿ!"

"ಏನು ಹೇಳ್ಲಿ? ಮೊದ್ಲು ಬಟ್ಟಲು ತಂದು ಇಡು ಮಾರಾಯ್ತಿ. ಎಷ್ಟು ಹೊತ್ತು ಕೈ ಹಿಡ್ಕೊಂಡಿರ್ತೀಯ?"

ಅವಳ ಬೆರಳುಗಳು ಎರಡು ಗಿಣ್ಣಿನವರೆಗೆ ನೀರಿನಲ್ಲಿದ್ದವು.

ಸೊಸೆಯ ಚಾಕು ನಿಂತಿತು. ಹಾಲಿನ ಪಾತ್ರೆ, ಬೊಬ್ಬೆ, ಚಮಚ, ಮಡಿಲಿನ ಮಗ್ಗು ಎಲ್ಲ ಒಟ್ಟಿಗೆ ನೆನಪಾದವು. ಮೊದಲು ಬಂದದ್ದು ಕನಿಕರವಲ್ಲ. ಸಿಕ್ಕಿಬಿದ್ದಳು ಎಂಬ ಖುಷಿ ಬಂತು. ನಾಳೆ ಮೇಸ್ತ್ರಿಯನ್ನು ಬಾಗಿಲಿನಿಂದಲೇ ವಾಪಸ್ ಕಳಿಸಬಹುದು. ಆಮೇಲೆ ಟವೆಲ್ ಕಟ್ಟಿಕೊಂಡು ಗಲ್ಲ ಎತ್ತಿ ಕೂತ ಆ ಮುಖವನ್ನು ನೋಡಿದಳು, ತನ್ನ ಖುಷಿಗೆ ತನಗೇ ನಾಚಿಕೆಯಾಯಿತು.

"ಅಜ್ಜಿ, ನಿನ್ನ ಕೈ ಆಗ್ಲೇ..." ಎಂದು ಹುಡುಗಿ ಶುರುಮಾಡಿದಳು. ಸೊಸೆ ತುಟಿಯ ಮೇಲೆ ಬೆರಳಿಟ್ಟು ಕಣ್ಣಲ್ಲೇ ಗದರಿಸಿದಳು. ಅಷ್ಟರಲ್ಲಿ ಅತ್ತೆಯೇ ಟವೆಲ್ ಕಿತ್ತಳು. ನೀರು ತೊಟ್ಟಿಕ್ಕುತ್ತಿದ್ದ ಕೈಯನ್ನು ಮೇಲೆತ್ತಿ ನೋಡಿದಳು, ಸೊಸೆಯನ್ನು ನೋಡಿದಳು.

"ಆಟ ಸಾಕು," ಎಂದು ಎದ್ದು ಹೋದಳು.

ಅವಳು ಎಲ್ಲಿರುತ್ತಾಳೆಂದು ಸೊಸೆಗೆ ಗೊತ್ತಿತ್ತು. ಒಣಗಿಸುವ ಕೋಣೆಯಲ್ಲಿ ಅದೇ ಸ್ಟೂಲಿನ ಮೇಲೆ ಕೂತಿದ್ದಳು.

"ಹೋಗು, ಹೇಳ್ಬಿಡು ಎಲ್ಲಾರಿಗೂ. ಇದಕ್ಕೇ ಕಾಯ್ತಿದ್ದೆ ತಾನೆ? ಮಗೂನ ಮುಂದೆ ಬಿಟ್ಟು ಪರೀಕ್ಷೆ ಮಾಡಿಸ್ದೆ."

"ನಾನು ಮಾಡಿಸ್ಲಿಲ್ಲ ಅತ್ತೆ. ಯಾವಾಗಿಂದ ಹೀಗೆ?"

"ಬೇಸಿಗೇಲಿ ಶುರುವಾಯ್ತು. ಮೊದ್ಲು ತುದಿ ಜುಮ್ ಅಂತಿತ್ತು, ಆಮೇಲೆ ಅದೂ ಇಲ್ಲ. ದಿನ ಎಣಿಸಿ ದಾಟಿಸ್ತಿದ್ದೆ. ಎಂಟು ದಿನ ಆದ್ರೆ ಒಣಗಿದೆ ಅಂತ, ಮಳೆಗಾಲದಲ್ಲಿ ಹದಿನಾರು. ಚಳಿ ಬಂದ್ಮೇಲೆ ಎಂಟು ದಿನಕ್ಕೆ ಒಣಗ್ಲಿಲ್ಲ."

"ಮಗ್ಗು ಇಟ್ಕೊಂಡು ಕೂತಿದ್ರಲ್ಲ?"

"ಅದನ್ನೂ ನೋಡಿದ್ದೀಯ?" ಅತ್ತೆಯ ದನಿ ಗಡುಸಾಯಿತು. "ನೀರು ಯಾವುದು, ಮಣ್ಣು ಯಾವುದು ಅಂತ ತಿಳಿಯುತ್ತಾ ನೋಡ್ತಿದ್ದೆ."

"ನನ್ನ ಕುಂಡ ನೆನೆಸ್ತಿದ್ದೀರ ಅಂದ್ಕೊಂಡೆ."

"ನಾನಾ? ಜೀವಮಾನ ಎಲ್ಲಾ ಮಣ್ಣಲ್ಲಿ ಕಳೆದೋಳು ನಾನು ಕುಂಡ ಕೆಡಿಸ್ತೀನಾ? ಎಂಥ ಮನಸ್ಸೇ ನಿಂದು!"

"ನಿಮ್ಮದೇನು ಕಡಿಮೆನಾ? ತಪ್ಪು ಯಾರದು ಅಂತ ಗೊತ್ತಿದ್ದೂ ನನ್ನನ್ನ ತಿಗರಿಯಿಂದ ಎಬ್ಬಿಸ್ತೀರಲ್ಲ."

ಅತ್ತೆ ತನ್ನ ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿ ಹಿಡಿದಳು. "ತಳ ದಪ್ಪ ಇದೆ ಅಂತಾನೇ ಅಂದ್ಕೊಂಡೆ. ಹಾಗೆ ಅಂದ್ಕೊಳ್ದೇ ಇದ್ರೆ..."

ಸೊಸೆ ಸ್ಟೂಲಿನ ಹತ್ತಿರ ಬಂದಳು. "ಡಾಕ್ಟರಿಗೆ ತೋರಿಸೋಣ. ನಾನೇ ಬರ್ತೀನಿ ಜೊತೇಲಿ."

"ಯಾಕೆ ಇಷ್ಟು ಒಳ್ಳೇತನ? ನಿನಗೇನು ಬೇಕು ಬಾಯಿ ಬಿಟ್ಟು ಹೇಳು."

"ನನಗೆ ತಿಗರಿ ಬೇಕು," ಸೊಸೆ ಮುಚ್ಚುಮರೆ ಇಲ್ಲದೆ ಹೇಳಿದಳು. "ನಿಮ್ಮ ವಿಷಯ ನಾನು ಯಾರಿಗೂ ಹೇಳಲ್ಲ. ಆದ್ರೆ ನಾಳೆ ಹಸಿ ಕುಂಡಕ್ಕೆ ನೀವು ಒಣಗಿದೆ ಅಂದ್ರೆ ಸುಮ್ನಿರೋದೂ ಇಲ್ಲ."

"ಬೆದರಿಕೆನಾ?"

"ಏನಾದ್ರೂ ಅಂದ್ಕೊಳ್ಳಿ."

ಆ ಸಂಜೆ ಇಬ್ಬರೂ ಒಂದೇ ಒಲೆಯ ಮುಂದೆ ನಿಂತು, ಒಂದೂ ಮಾತಾಡದೆ ಅಡುಗೆ ಮಾಡಿದರು. ಎಂದೂ ತುಟಿ ಮುಚ್ಚದ ವಕೀಲಮ್ಮ ಕೂಡ ತಲೆ ತಗ್ಗಿಸಿ ಉಂಡಳು.

ಸೋಮವಾರ ಬೆಳಗ್ಗೆ ಉದ್ದನ ಮೇಸ್ತ್ರಿ ಬಂದು ತಿಗರಿಯ ಪಕ್ಕದ ಮಣೆಯ ಮೇಲೆ ಕೂತು, ಚಹಾ ಕುಡಿಯುತ್ತಾ ತಿಗರಿಯನ್ನು ಕಾಲಿನಿಂದ ಒಮ್ಮೆ ತಿರುಗಿಸಿ ನೋಡಿದ. ಅವನ ಕಾಲು ಅದಕ್ಕೆ ತಾಕಿದಾಗ ಸೊಸೆಗೆ ತನ್ನ ಮೈಗೇ ತಾಕಿದ ಹಾಗಾಯಿತು. ಎಂಟು ದಿನ ತುಂಬಿದ ಅವಳ ಕೊನೆಯ ಕುಂಡಗಳು ಸಾಲಾಗಿದ್ದವು. ಮಾವ ಸೌದೆ ಒಟ್ಟಿ ಕಾಯುತ್ತಿದ್ದ, ಗಂಡ ಬಾಗಿಲಿಗೆ ಒರಗಿ ನಿಂತಿದ್ದ, ಮಗಳು ಶಾಲೆಯ ಚೀಲ ಹೆಗಲಿಗೆ ಹಾಕಿಕೊಂಡು ಹೊರಡದೆ ನಿಂತಿದ್ದಳು.

ಅತ್ತೆ ಸೆರಗು ಸಿಕ್ಕಿಸಿಕೊಂಡು ಬಂದಳು. ಮೊದಲ ಕುಂಡದ ತಳಕ್ಕೆ ಬೆರಳು ಒತ್ತಿದಳು. ಏನೂ ಹೇಳಲಿಲ್ಲ. ಎರಡನೆಯದಕ್ಕೆ ಒತ್ತಿದಳು, ಆಗಲೂ ಏನೂ ಹೇಳಲಿಲ್ಲ.

"ಏನಮ್ಮ, ಒಣಗಿದ್ಯಾ?" ಎಂದ ಮೇಸ್ತ್ರಿ. "ನಿಮ್ಮ ಬೆರಳು ಒಂದ್ಸಲ ಹೇಳಿದ್ರೆ ಮುಗೀತು."

ಸೊಸೆ ಬಾಯಿ ತೆರೆಯಲು ಸಿದ್ಧಳಾದಳು. ಅತ್ತೆ ಮೂರನೆಯ ಕುಂಡಕ್ಕೆ ಬೆರಳು ಇಡಲಿಲ್ಲ. ಎರಡೂ ಕೈಯಲ್ಲಿ ಅದನ್ನು ಎತ್ತಿ, ಎಲ್ಲರೂ ನೋಡುತ್ತಿದ್ದ ಹಾಗೆಯೇ, ಕೆನ್ನೆಗೆ ಒತ್ತಿಕೊಂಡಳು.

ಮೇಸ್ತ್ರಿ ಚಹಾ ಚೆಲ್ಲುವಷ್ಟು ನಕ್ಕ. "ಇದೇನಮ್ಮ, ಹೊಸದಾಗಿ ಕೆಲಸಕ್ಕೆ ಸೇರಿದ ಹಾಗೆ!"

ಅತ್ತೆ ಕಣ್ಣು ಮುಚ್ಚಿದ್ದಳು. ಮಣ್ಣು ತಣ್ಣಗೆ ತಾಕಿದಾಗ ಅವಳ ಮುಖ ಸಣ್ಣಗೆ ನಡುಗಿತು. ಎಷ್ಟೋ ತಿಂಗಳ ಮೇಲೆ ಏನೋ ಒಂದು ತಿಳಿದ ನಡುಕ ಅದು.

"ಹಸಿ," ಎಂದಳು. ಪಕ್ಕದ್ದನ್ನು ಎತ್ತಿ ಒತ್ತಿಕೊಂಡಳು. "ಇದೂ ಹಸಿ." ಕೆನ್ನೆಗೆ ಮೆತ್ತಿದ ಮಣ್ಣನ್ನು ಒರೆಸಿಕೊಳ್ಳದೆ ಮೇಸ್ತ್ರಿಯ ಕಡೆ ತಿರುಗಿದಳು. "ಚಹಾ ಕುಡಿದು ಹೊರಡಪ್ಪ. ತಿಗರಿಗೆ ಆಳು ಬೇಕಾಗಿಲ್ಲ. ಇವಳ ಕುಂಡದಲ್ಲಿ ತಪ್ಪಿರ್ಲಿಲ್ಲ. ನನ್ನ ಬೆರಳು ಸತ್ತು ಏಳೆಂಟು ತಿಂಗಳಾಯ್ತು."

ಮಾವ ಕೈಯಲ್ಲಿದ್ದ ಸೌದೆಯನ್ನು ಕೆಳಗಿಟ್ಟ. "ನನಗೊಂದು ಮಾತು ಹೇಳ್ಬಾರ್ದಿತ್ತಾ?" ಎಂದ.

"ಹೇಳಿದ್ರೆ ಆಮೇಲೆ ನಾನು ಯಾರು ಈ ಮನೇಲಿ?"

ಮೇಸ್ತ್ರಿ ಲೋಟ ಕೆಳಗಿಟ್ಟು, ಚಪ್ಪಲಿ ಹುಡುಕಿಕೊಂಡು ಸದ್ದಿಲ್ಲದೆ ಹೊರಗೆ ನಡೆದ. ಗಂಡ ನೆಲ ನೋಡುತ್ತಾ ನಿಂತ. ಸೊಸೆಗೆ ಅಳು ಒತ್ತರಿಸಿ ಬಂತು. ಗೆದ್ದೆ ಎಂದುಕೊಳ್ಳಲು ನೋಡಿದಳು, ಆಗಲಿಲ್ಲ.

ಇಷ್ಟು ಹೊತ್ತು ತಡೆದುಕೊಂಡಿದ್ದ ವಕೀಲಮ್ಮನಿಗೆ ಇನ್ನು ತಡೆಯಲಾಗಲಿಲ್ಲ. "ಅಜ್ಜಿ, ಇವತ್ತೇ ಸ್ಪರ್ಧೆ. ನಿಂದೊಂದೇ ಬರ್ಕೊಂಡಿಲ್ಲ. ನೀರು ಒದ್ದೆನಾ, ಅಲ್ವಾ?"

ಅತ್ತೆ ಕೈಯಲ್ಲಿದ್ದ ಕುಂಡವನ್ನು ತಂದು ಸೊಸೆಯ ಕೈಗಿಟ್ಟಳು.

"ನಿಮ್ಮಮ್ಮನ್ನ ಕೇಳು. ಇನ್ಮೇಲೆ ಈ ಮನೇಲಿ ಹಸಿ ಯಾವುದು, ಒಣಗಿದ್ದು ಯಾವುದು ಅಂತ ಹೇಳೋಳು ಅವಳು."